ಎಂಬತ್ತು ದಾಟಿದರ ನಡಗತದ

ನನ್ನ ಕಾರಿನ ಸ್ಟೇರಿಂಗು ಎಂಬತ್ತು ದಾಟಿದರೆ ನಡುಗುತ್ತದೆ. ಈ ಸುದ್ದಿಯನ್ನು ಮೊದಲು ಹೇಳಿಕೊಂಡದ್ದು ನಮ್ಮ ಓಣಿಯ ಕಟ್ಟೆಯ ಮೇಲೆ. ಅಲ್ಲಿದ್ದ ಹಿರಿಯರೊಬ್ಬರು ಎಲೆಗೆ ಸುಣ್ಣ ಸವರುತ್ತ, "ಎಂಬತ್ತು ದಾಟಿದ ಮ್ಯಾಲ ಯಾರ ಕೈ ನಡಗಂಗಿಲ್ಲ ತಮ್ಮಾ? ನಮ್ಮಪ್ಪಂದೂ ನಡಗತಿತ್ತು. ಅದಕ್ಯಾಕ ರೊಕ್ಕ ಸುರೀತಿ" ಅಂದರು. ಆಮೇಲೆ ಮೂರು ಊರು ತಿರುಗಿ, ಸಾವಿರಾರು ರೂಪಾಯಿ ಸುರಿದಾದ ಮೇಲೆ ತಿಳಿಯಿತು: ನಾನು ಕಂಡ ತಜ್ಞರ ಪೈಕಿ ಬಿಟ್ಟಿಯಾಗಿ ತಪ್ಪು ಹೇಳಿದವರು ಅವರೊಬ್ಬರೇ.

ಕಾರಿನ ಜಾತಕ ಇಷ್ಟು. 2007ರ ಮಾಡೆಲ್ಲು. ಹುಟ್ಟಿ ಬೆಳೆದದ್ದು ಸೊಲ್ಲಾಪುರದಲ್ಲಿ, ಎಂಎಚ್-13 ನಂಬರಿನಲ್ಲಿ. ಮುಪ್ಪಿಗೆ ಬಂದದ್ದು ಕೆಎ-32ಕ್ಕೆ. ನಾನು ಮೂರನೆಯ ಮಾಲೀಕ. ಮೀಟರು 2,38,000 ಕಿಲೋಮೀಟರು ತೋರಿಸುತ್ತದೆ. ಮಾರಿದವನು, "ಒಬ್ಬ ಡಾಕ್ಟರ್ ಸಾಹೇಬ್ರು ಓಡಸ್ತಿದ್ರು ಸರ್, ಮನಿ-ದವಾಖಾನಿ, ದವಾಖಾನಿ-ಮನಿ, ಅಷ್ಟೇ" ಎಂದಿದ್ದ. ನಮ್ಮ ಕಡೆ ಮಾರಾಟಕ್ಕೆ ಬರುವ ಹಳೆಯ ಗಾಡಿಗಳನ್ನೆಲ್ಲ ಡಾಕ್ಟರರೇ ಓಡಿಸಿರುತ್ತಾರೆ. ಈ ಡಾಕ್ಟರರ ದವಾಖಾನೆ ಮಾತ್ರ ಕನ್ಯಾಕುಮಾರಿಯಲ್ಲಿದ್ದಿರಬೇಕು. 2022ರಲ್ಲಿ ಗಾಡಿಗೆ ಹದಿನೈದು ತುಂಬಿತು. ಅದೇ ವರ್ಷದ ಏಪ್ರಿಲ್ 1ರಿಂದ ಹಳೆಯ ಕಾರಿನ ನೋಂದಣಿ ನವೀಕರಣದ ಫೀಸು 600 ರೂಪಾಯಿಯಿಂದ 5,000ಕ್ಕೆ ಜಿಗಿದಿತ್ತು. ಗಾಡಿ ಮುದಿಯಾದಷ್ಟೂ ಸರಕಾರಕ್ಕೆ ಅದರ ಮೇಲೆ ಮಮತೆ ಹೆಚ್ಚು. ಕಟ್ಟಿದೆ, ಕಾಗದ ಹೊಸದಾಯಿತು.

ನನ್ನ ಸಂಸಾರ ಮೂರು ತಾಲ್ಲೂಕಿಗೆ ಹಂಚಿಹೋಗಿದೆ. ಮನೆ ಆಳಂದದಲ್ಲಿ, ಹೆಂಡತಿಯ ತವರು ಅಫಜಲಪುರದ ಕಡೆ, ನೌಕರಿ ಜೇವರ್ಗಿಯಲ್ಲಿ. ಸೋಮವಾರ ನಸುಕಿನಲ್ಲಿ ಆಳಂದ ಬಿಟ್ಟು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ದಾಟಿ, ಕಲಬುರಗಿಯನ್ನು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬಿದ್ದು, ಫರಹತಾಬಾದ್ ಹಾಯ್ದು, ಕಟ್ಟಿಸಂಗಾವಿ ಸೇತುವೆಯ ಮೇಲೆ ಭೀಮೆಗೆ ಕೈ ಮುಗಿದು ಜೇವರ್ಗಿ ಮುಟ್ಟುವುದು. ನಡುಕ ಶುರುವಾದದ್ದು ಇಂಥದೊಂದು ಸೋಮವಾರ. ಅದಕ್ಕೂ ಎರಡು ದಿನ ಮೊದಲು ಭಾವಮೈದುನನ ಕಬ್ಬಿನ ಹೊಲದ ದಾರಿಯಲ್ಲಿ ಅಚ್ಚಿನ ಮಟ ಹೂತಿದ್ದ ಗಾಡಿಯನ್ನು ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆಸಿದ್ದೊಂದು ಬಿಟ್ಟರೆ, ಗಾಡಿಗೆ ಏನೂ ಆಗಿರಲಿಲ್ಲ.

78ರವರೆಗೆ ಸ್ಟೇರಿಂಗು ಬೆಣ್ಣೆ. 82ಕ್ಕೆ ಹಿಟ್ಟಿನ ಗಿರಣಿ. ಬೆರಳಿನ ಉಂಗುರ ಸ್ಟೇರಿಂಗಿಗೆ ತಾಗಿ ಟಿಕಿಟಿಕಿ ಎನ್ನುತ್ತದೆ, ಅಂಗೈಗೆ ಜೋಮು ಹಿಡಿಯುತ್ತದೆ. ಮತ್ತೆ 75ಕ್ಕೆ ಇಳಿಸಿದರೆ, ಹೆಡ್‌ಮಾಸ್ತರು ಬಾಗಿಲಲ್ಲಿ ಕಂಡ ಕ್ಲಾಸಿನ ಹಾಗೆ, ಎಲ್ಲ ತಣ್ಣಗೆ. ಹಿಂದಿನ ಸೀಟಿನಲ್ಲಿ ಅವ್ವ ಬಾಯಿ ತೆರೆದು ಮಲಗಿದ್ದಳು. ಗೊರಕೆಯಲ್ಲಿ ಒಂದು ತಾಳವೂ ತಪ್ಪಿರಲಿಲ್ಲ. ಆ ಗೊರಕೆಯನ್ನು ನಾನು ಅವತ್ತೇ ಲಕ್ಷ್ಯಗೊಟ್ಟು ಕೇಳಿದ್ದರೆ ಈ ಲೇಖನ ಇರುತ್ತಿರಲಿಲ್ಲ.

ಮೊದಲ ಚಿಕಿತ್ಸೆಯನ್ನು ನಾನೇ ಮಾಡಿದೆ: 75 ದಾಟದಿರುವುದು. ಇದು ನಮ್ಮ ಭಾಗದ ಮನೆಮದ್ದು. ನಲ್ಲಿಯ ನೀರು ನಾಲ್ಕು ದಿನಕ್ಕೊಮ್ಮೆ ಬಂದರೆ ನಾವು ನೀರು ಕೇಳುವುದಿಲ್ಲ, ಇನ್ನೊಂದು ಬ್ಯಾರಲ್ ಕೊಳ್ಳುತ್ತೇವೆ. ಬಸ್ಸು ಬರದಿದ್ದರೆ ಬಸ್ಸಿನವರನ್ನು ಕೇಳುವುದಿಲ್ಲ, ಟಂಟಂನಲ್ಲಿ ಒಂದು ಕಾಲು ಹೊರಗಿಟ್ಟುಕೊಂಡು ಕೂರುವುದನ್ನು ಕಲಿಯುತ್ತೇವೆ. ಯಾವ ವೇಗಕ್ಕೆ ನಡುಗುವುದಿಲ್ಲವೋ ಆ ವೇಗವನ್ನೇ ನಮ್ಮ ಸ್ವಭಾವವೆಂದು ಬೆಂಗಳೂರಿನವರಿಗೆ ಹೇಳಿಕೊಳ್ಳುತ್ತೇವೆ. "ನಮ್ಮ ಕಡಿ ಮಂದಿ ಭಾಳ ಸಮಾಧಾನಿ ರೀ." ಹೀಗೆ ಸಮಾಧಾನದಲ್ಲಿ ಮೂರು ವಾರ ಕಳೆದೆ. ಒಂದು ದಿನ ಕಬ್ಬು ಹೇರಿದ ಟ್ರ್ಯಾಕ್ಟರಿನ ಎರಡು ಟ್ರೇಲರನ್ನು ಹಿಂದೆ ಹಾಕಲು ಹೋಗಿ, 75ಕ್ಕೆ ನಿಂತು, ಎದುರಿನಿಂದ ಲಾರಿ ಬಂದಾಗ ಸಮಾಧಾನ ತೀರಿತು.

ಆಳಂದದಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ. "ಎಲೈನ್‌ಮೆಂಟ್ ಮಾಡಸ್ರಿ." ಪಾನ್ ಅಂಗಡಿಯವ ಅಂದ, ಬ್ಯಾಂಕಿನ ಕ್ಯಾಷಿಯರು ಅಂದರು, ಜನ್ಮದಲ್ಲಿ ಕಾರು ಮುಟ್ಟದ ನನ್ನ ಸೋದರಮಾವ ಅಂದ. ಎದೆನೋವು ಅಂದವನಿಗೆ "ಗ್ಯಾಸ್ ಆಗಿರಬೇಕು" ಅನ್ನುತ್ತಾರಲ್ಲ, ಗಾಡಿಯ ಪಾಲಿಗೆ ಎಲೈನ್‌ಮೆಂಟೇ ಗ್ಯಾಸು.

ಅಂಗಡಿಯ ಬೋರ್ಡಿನ ಮೇಲೆ 'ಕಂಪ್ಯೂಟರ್' ಎಂಬ ಅಕ್ಷರ 'ಎಲೈನ್‌ಮೆಂಟ್'ಗಿಂತ ದೊಡ್ಡದಿತ್ತು. ಹುಡುಗ ನಾಲ್ಕು ಗಾಲಿಗೂ ತಟ್ಟೆ ತೂಗುಹಾಕಿ, ಪರದೆಯಲ್ಲಿ ಕೆಂಪು ಅಂಕಿಗಳನ್ನು ತೋರಿಸಿ, ಕೆಳಗೆ ನುಸುಳಿ ಪಾನಾ ತಿರುವಿ, ಕೆಂಪನ್ನೆಲ್ಲ ಹಸಿರು ಮಾಡಿದ. "ನೋಡ್ರಿ ಸರ್, ಎಲ್ಲಾ ಹಸರಾಗ್ಯದ." ಬರಗಾಲದ ತಾಲ್ಲೂಕಿನವನಿಗೆ ಹಸಿರು ಅಂದರೆ ಸಾಕು, ಕೇಳದೆ ಆರುನೂರು ಎಣಿಸಿದೆ. ಮೊದಲು-ನಂತರದ ಪ್ರಿಂಟ್‌ಔಟು ಕೊಟ್ಟ. ಮನೆಯಲ್ಲಿ ಪಹಣಿಯ ಫೈಲಿನಲ್ಲಿ ಇಟ್ಟೆ.

ಸೋಮವಾರ ಫರಹತಾಬಾದ್ ದಾಟಿತು. 82. ಹಿಟ್ಟಿನ ಗಿರಣಿ.

ಈಗ ಗೊತ್ತಾಗಿದ್ದನ್ನು ಹೇಳುತ್ತೇನೆ. ಎಲೈನ್‌ಮೆಂಟ್ ಅಂದರೆ ಗಾಲಿಗಳು ಯಾವ ಕೋನದಲ್ಲಿ ನಿಂತಿವೆ ಅನ್ನುವ ಲೆಕ್ಕ. ಅದು ತಪ್ಪಿದರೆ ಗಾಡಿ ಒಗ್ಗದ ಎತ್ತಿನಂತೆ ಒಂದು ಕಡೆಗೇ ಎಳೆಯುತ್ತದೆ, ಟಾಯರಿನ ಒಂದು ಅಂಚನ್ನು ಇಲಿ ತಿಂದಂತೆ ತಿನ್ನುತ್ತದೆ. ನಡುಗುವುದು ಅದರ ಕಸುಬಲ್ಲ. ಓರೆಯಾಗಿ ನಿಂತವನು ಬೇರೆ, ಚಳಿಜ್ವರ ಬಂದವನು ಬೇರೆ. ಅದೂ ಅಲ್ಲದೆ, ಎರಡು ಲಕ್ಷ ಕಿಲೋಮೀಟರು ಓಡಿದ ಗಾಡಿಯಲ್ಲಿ ಬಾಲ್ ಜಾಯಿಂಟು, ಬುಷ್ಷು, ಟೈ ರಾಡಿನ ತುದಿ ಸಡಿಲಾಗಿವೆಯೇ ಎಂದು ಅಲುಗಾಡಿಸಿ ನೋಡದೆ ಕೋನ ಸರಿಪಡಿಸುವುದೆಂದರೆ, ಬುಡ ಕಿತ್ತ ಕಂಬಕ್ಕೆ ಬಳಪ ಹಿಡಿದು ನೇರ ಗೆರೆ ಎಳೆದಂತೆ. ಇಷ್ಟು ಗೊತ್ತಿಲ್ಲದ ನಾನು ಮೂರು ಸಲ ಮಾಡಿಸಿದೆ. ಮೂರು ಪ್ರಿಂಟ್‌ಔಟಿನಲ್ಲೂ 'ಮೊದಲು' ಕೆಂಪು, 'ನಂತರ' ಹಸಿರು. ಒಬ್ಬನು ಹಸಿರು ಮಾಡಿದ್ದನ್ನು ಮುಂದಿನವನ ಕಂಪ್ಯೂಟರು ಕೆಂಪಾಗಿಯೇ ಕಾಣುತ್ತಿತ್ತು, ಹೊಸ ಸರಕಾರಕ್ಕೆ ಹಳೆಯ ಸರಕಾರದ ಕಾಮಗಾರಿ ಕಂಡಂತೆ.

ಹುಣ್ಣಿಮೆಗೆ ಹೆಂಡತಿ ಗಾಣಗಾಪುರಕ್ಕೆ ಹೊರಟಳು. ಭೀಮಾ-ಅಮರ್ಜಾ ಸಂಗಮದಲ್ಲಿ ಮಿಂದು, ದತ್ತನ ಪಾದುಕೆಗೆ ಹಣೆ ಹಚ್ಚಿ, ಅಲ್ಲಿಂದ ತವರಿಗೆ. ನಾನು ಅಫಜಲಪುರದಲ್ಲಿ ಒಂದು ಗ್ಯಾರೇಜು ಹುಡುಕಿಕೊಂಡು ಹೋದೆ. ಮಿಸ್ತ್ರಿ ಜಾಕಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಎಂಬತ್ತು ದಾಟಿದರೆ ನಡುಗುತ್ತದೆ ಅಂದೆ. ಬಸಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಂಬತ್ತು? ಎಂಬತ್ತು ಎಲ್ಲಿ ಸಿಕ್ತು ನಿಮಗ?"

ನನ್ನ ಬಳಿ ಉತ್ತರ ಇರಲಿಲ್ಲ. ಅವರ ಗಿರಾಕಿಗಳು ಹಳ್ಳಿಯ ದಾರಿಗಳಿಂದ ಬರುವವರು. ಅಲ್ಲಿ ಮೂರನೇ ಗೇರು ಅಂದರೇ ಒಂದು ಮಹತ್ವಾಕಾಂಕ್ಷೆ. ಕೆಳಗೆ ಎರಿ ಮಣ್ಣು. ಮಳೆ ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿದು ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎರಡು ಮಳೆಗಾಲಕ್ಕೆ ಸಮುದ್ರದ ತೆರೆ. ಸುಗ್ಗಿಯಲ್ಲಿ ತೊಗರಿ, ಜೋಳ, ಸಜ್ಜೆಯನ್ನು ರಸ್ತೆಯ ಮೇಲೆಯೇ ಹರವಿರುತ್ತಾರೆ. ಹಾಯುವ ಗಾಡಿಗಳೇ ರೋಣಗಲ್ಲು. ಒಕ್ಕಣೆಯ ಕೂಲಿ ಇಲ್ಲ, ಬದಲಿಗೆ ಕಟ್ಟಿಗೆಯಂಥ ತೊಗರಿ ದಂಟು ನಿಮ್ಮ ಅಚ್ಚಿಗೆ ಸುತ್ತಿಕೊಂಡು ಮನೆಯವರೆಗೆ ಬರುತ್ತದೆ.

ಇನ್ನು ಹಂಪುಗಳು. ಭಾರತೀಯ ರಸ್ತೆ ಕಾಂಗ್ರೆಸ್ಸು ಇದಕ್ಕೂ ಒಂದು ಅಳತೆ ಬರೆದಿಟ್ಟಿದೆ: ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು, ಬೆನ್ನು 17 ಮೀಟರು ತ್ರಿಜ್ಯದ ಕಮಾನು, 25 ಕಿಲೋಮೀಟರು ವೇಗದಲ್ಲಿ ಹಾಯಾಗಿ ದಾಟಬೇಕು. ನಮ್ಮ ಹಂಪಿನ ಅಳತೆ ಬೇರೆ. ಅದು ಯಾರದೋ ಆಡು ಲಾರಿಗೆ ಸಿಕ್ಕಿದ ರಾತ್ರಿ ಊರವರ ಸಿಟ್ಟು ಎಷ್ಟಿತ್ತೋ ಅಷ್ಟು ಎತ್ತರ. ಒಂದು ಬುಟ್ಟಿ ಮೊರಮ್ಮು, ಅರ್ಧ ಚೀಲ ಸಿಮೆಂಟು, ಬೆಳಗಾಗುವಷ್ಟರಲ್ಲಿ ಬಂಡೆ. ಸಿಟ್ಟು ಇಳಿದರೂ ಹಂಪು ಇಳಿಯುವುದಿಲ್ಲ.

ಮಿಸ್ತ್ರಿಯವರು ಮುಂದಿನ ಗಾಲಿ ಬಿಚ್ಚಿದರು. ಬ್ರೇಕಿನ ಡಿಸ್ಕಿನ ಮೇಲೆ ಹೆಬ್ಬೆರಳು ಸವರಿ, ಕಣ್ಣು ಮುಚ್ಚಿ, ನಾಡಿ ಹಿಡಿದ ವೈದ್ಯರಂತೆ ತಲೆ ಆಡಿಸಿದರು. "ಡಿಸ್ಕ್ ಬೆಂಡ್ ಆಗ್ಯಾವ. ಜೋಡಿ ಬದಲಿ ಮಾಡಬೇಕು." ಮೇಲೆ ನೋಡಿದೆ. ಛಾವಣಿಯ ಕೊಂಡಿಗಳಲ್ಲಿ ಹೊಸ ಡಿಸ್ಕುಗಳು ಖಾನಾವಳಿಯ ಕಟಕ ರೊಟ್ಟಿಯಂತೆ ಸಾಲಾಗಿ ತೂಗುತ್ತಿದ್ದವು. ಆಳಂದದ ಅಂಗಡಿಯಲ್ಲಿ ಎಲೈನ್‌ಮೆಂಟ್ ಯಂತ್ರ ಇತ್ತು, ಗಾಡಿಗೆ ಎಲೈನ್‌ಮೆಂಟ್ ರೋಗ ಬಂದಿತ್ತು. ಇಲ್ಲಿ ಡಿಸ್ಕು ಇದ್ದವು, ಡಿಸ್ಕಿನ ರೋಗ ಬಂತು. ದಾರಿಯಲ್ಲಿ ಒಂದು ಬ್ಯಾಟರಿ ಅಂಗಡಿಗೆ ಹೋಗಿದ್ದರೆ ಸ್ಟೇರಿಂಗು ಕರೆಂಟಿಲ್ಲದೆ ನಡುಗುತ್ತಿತ್ತು.

ಡಿಸ್ಕು, ಪ್ಯಾಡು, ಕೂಲಿ ಸೇರಿ ಐದು ಸಾವಿರದ ಮೇಲೆ ಹೋಯಿತು. ಮಿಸ್ತ್ರಿಯವರು ಸುಳ್ಳುಗಾರರಲ್ಲ. ಹಳೆಯ ಡಿಸ್ಕಿನ ಅಂಚಿನಲ್ಲಿ ಉಗುರು ಸಿಕ್ಕುವಷ್ಟು ತಗ್ಗು ಬಿದ್ದಿತ್ತು, ಹೌದು. ಡಿಸ್ಕು ಒಂದು ಕಡೆ ದಪ್ಪ ಒಂದು ಕಡೆ ತೆಳುವಾದರೆ ಸ್ಟೇರಿಂಗು ನಡುಗುವುದೂ ಖರೆ. ಆದರೆ ಅದು ನಡುಗುವುದು ಬ್ರೇಕು ಒತ್ತಿದಾಗ. ನನ್ನ ಗಾಡಿಯಲ್ಲಿ ಬ್ರೇಕು ಒತ್ತಿದರೆ ವೇಗ ಇಳಿದು ನಡುಕವೂ ಇಳಿಯುತ್ತಿತ್ತು. ಈ ಒಂದು ಪ್ರಶ್ನೆ ಕೇಳಲು ಚಹಾ ಬಸಿ ಕೆಳಗಿಡುವ ಅಗತ್ಯವೂ ಇರಲಿಲ್ಲ. ಅವರು ಕೇಳಲಿಲ್ಲ. ನನಗೂ ಹೇಳಬೇಕು ಅನ್ನಿಸಲಿಲ್ಲ. ಒಂದು ಸಾಮಾನು ಹೊಸದು ಬಿತ್ತೆಂದರೆ ಗಾಡಿ ಸುಧಾರಿಸಿತೆಂದೇ ನಂಬುವ ಮಂದಿ ನಾವು, ಹೊಸ ಬೋರ್ಡು ಬಿದ್ದ ದವಾಖಾನೆಯಲ್ಲಿ ಡಾಕ್ಟರರೂ ಇದ್ದಾರೆಂದು ನಂಬಿದಂತೆ.

ಜೇವರ್ಗಿಯಲ್ಲಿ ಕೊನೆಗೆ ಒಬ್ಬರು, "ಬ್ಯಾಲೆನ್ಸಿಂಗ್ ಮಾಡ್ಸೀರೇನ್ರಿ?" ಅಂದರು. ಗಾಲಿಯನ್ನು ಯಂತ್ರಕ್ಕೆ ಸಿಕ್ಕಿಸಿ ಗಿರ್ರನೆ ತಿರುಗಿಸಿದರೆ, ಯಾವ ಜಾಗದಲ್ಲಿ ಎಷ್ಟು ಗ್ರಾಂ ತೂಕ ಕಡಿಮೆ ಅನ್ನುವುದನ್ನು ಅದು ಅರ್ಧ ನಿಮಿಷದಲ್ಲಿ ಹೇಳುತ್ತದೆ. ಆ ಜಾಗಕ್ಕೆ ಅಷ್ಟು ತೂಕದ ಸೀಸದ ತುಂಡು ರಿಮ್ಮಿಗೆ ಹಚ್ಚುವುದು. ಅಷ್ಟೇ ಕೆಲಸ. ಗ್ರಾಂಗೆ ಇಷ್ಟು ಮಹತ್ವವೇ ಅಂತ ನಾನೂ ನಕ್ಕಿದ್ದೆ. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆ. ನನ್ನ ಗಾಲಿ 80ರ ವೇಗದಲ್ಲಿ ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನಲ್ಲಿ 100 ಗ್ರಾಂ ಹೆಚ್ಚಿದ್ದರೆ, ಹೆಚ್ಚುಕಡಿಮೆ 10 ಕಿಲೋ ಭಾರ ಹಿಡಿದು ಜಗ್ಗಿದಂತೆ, ಅದೂ ಸೆಕೆಂಡಿಗೆ 12 ಸಲ. ವೇಗ ಅರ್ಧಕ್ಕೆ ಇಳಿಸಿದರೆ ಆ ಜಗ್ಗಾಟ ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ 40ರಲ್ಲಿ ಎಲ್ಲ ಗಾಡಿಗಳೂ ಸಜ್ಜನರು.

ಹುಡುಗ ಸೀಸ ಹಚ್ಚಿದ. ಎಡಗಡೆಯ ಮುಂದಿನ ಗಾಲಿಗೆ ತುಂಡಿನ ಮೇಲೆ ತುಂಡು, ಸಾಲಾಗಿ. "ಭಾಳ ಔಟ್ ಇತ್ತು ಸರ್" ಅಂದ. ಹೆದ್ದಾರಿಗೆ ಬಂದೆ. 80, 85, 90. ಉಂಗುರದ ಸದ್ದಿಲ್ಲ! ಸಂತೋಷಕ್ಕೆ ಸುಸಲಾ-ಮಿರ್ಚಿ ತಿಂದು, ಹುಡುಗನಿಗೂ ಒಂದು ತಟ್ಟೆ ಕಳಿಸಿದೆ.

ಎಂಟು ದಿನ. ಒಂಬತ್ತನೆಯ ದಿನ ಊರೊಂದರ ಸಿಟ್ಟಿನ ಹಂಪಿನ ಮೇಲೆ ಗಾಡಿ ಎಗರಿ ಬಿದ್ದಾಗ ಕೆಳಗೆ ಏನೋ ಥಪ್ಪೆಂದಿತು. ಅಲ್ಲಿಂದ ಮುಂದೆ 80 ಬೇಡ, 65ಕ್ಕೇ ನಡುಗತೊಡಗಿತು.

ಏನಾಗಿತ್ತೆಂದರೆ, ಆ ಕಬ್ಬಿನ ಹೊಲದ ಎರಿ ಮಣ್ಣು ರಿಮ್ಮಿನ ಒಳಮೈಗೆ ಮೆತ್ತಿ, ಒಣಗಿ, ಕಲ್ಲಾಗಿ ಕೂತಿತ್ತು. ನಮ್ಮ ಮಣ್ಣಿನ ಗುಣವೇ ಅದು; ಮಳೆಯಲ್ಲಿ ಬೆಣ್ಣೆ, ಬಿಸಿಲಲ್ಲಿ ಬಂಡೆ. ಹೊರಗಿನಿಂದ ಬಕೆಟ್ಟು ನೀರು ಎರಚಿದರೆ ಅದಕ್ಕೆ ಸುದ್ದಿಯೂ ಮುಟ್ಟುವುದಿಲ್ಲ. ಬ್ಯಾಲೆನ್ಸಿಂಗ್ ಹುಡುಗ ಗಾಲಿ ತೊಳೆಯದೆ ಯಂತ್ರಕ್ಕೆ ಸಿಕ್ಕಿಸಿದ್ದ. ಯಂತ್ರ ಪ್ರಾಮಾಣಿಕವಾಗಿ ಮಣ್ಣನ್ನೂ ಗಾಲಿಯೆಂದೇ ಎಣಿಸಿ ತೂಗಿತು. ಅವನು ಹಚ್ಚಿದ ಸೀಸವೆಲ್ಲ ಗಾಲಿಯ ಸಮತೋಲಕ್ಕಲ್ಲ, ಮಣ್ಣಿನ ಸಮತೋಲಕ್ಕೆ. ಹಂಪಿನ ಮೇಲೆ ಸೀಸದ ಎದುರು ಬದಿಯ ಮಣ್ಣು ಉದುರಿ, ಸೀಸದ ಬದಿಯದಷ್ಟೇ ಉಳಿಯಿತು. ಸೀಸ ಅನಾಥವಾಯಿತು.

ಸಮತೋಲ ಅಂದಾಗ ನಮ್ಮ ಮೂರೂ ತಾಲ್ಲೂಕುಗಳ ಇನ್ನೊಂದು ಬ್ಯಾಲೆನ್ಸಿಂಗ್ ನೆನಪಾಗುತ್ತದೆ. ಡಾ. ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನ ನಿವಾರಣೆಗೆಂದೇ ಒಂದು ಉನ್ನತಾಧಿಕಾರ ಸಮಿತಿ ಕೂತು, ರಾಜ್ಯವೆಂಬ ಗಾಲಿಯನ್ನು ಯಂತ್ರಕ್ಕೆ ಸಿಕ್ಕಿಸಿ, 2002ರಲ್ಲಿ ವರದಿ ಕೊಟ್ಟಿತು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ಅವುಗಳಲ್ಲೂ 39 ಅತ್ಯಂತ ಹಿಂದುಳಿದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಮೂವತ್ತೊಂಬತ್ತರಲ್ಲಿ. ನನ್ನ ಮನೆ, ಮಾವನ ಮನೆ, ಆಫೀಸು ಮೂರಕ್ಕೂ ಒಂದೇ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು ನನ್ನ ಪುಣ್ಯ. ಎಂಟು ವರ್ಷದಲ್ಲಿ 31,000 ಕೋಟಿ ರೂಪಾಯಿ ಹಚ್ಚಿದರೆ ಗಾಲಿ ಸಮ ಆಗುತ್ತದೆ ಎಂದು ವರದಿ ಹೇಳಿತ್ತು. ಯಾವ ತಾಲ್ಲೂಕು, ಯಾವ ವಿಷಯ, ಎಷ್ಟು ಕೊರತೆ, ಎಲ್ಲ ಅಂಕಿಯಲ್ಲಿತ್ತು. ವರದಿಯ ಮೇಲೆ ನನಗೆ ದೂರಿಲ್ಲ. ಯಂತ್ರ ಎಂದೂ ಸುಳ್ಳು ಹೇಳಿಲ್ಲ.

ಆಮೇಲೆ ಸೀಸ ಹಚ್ಚುತ್ತ ಬಂದರು. 2013ರಲ್ಲಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂತು, ಅಭಿವೃದ್ಧಿ ಮಂಡಳಿ ಬಂತು, ವರ್ಷವರ್ಷಕ್ಕೆ ಅನುದಾನ ಬಂತು. ನಮ್ಮ ಹುಡುಗರಿಗೆ ಡಾಕ್ಟರ್-ಇಂಜಿನಿಯರ್ ಸೀಟು ಸಿಕ್ಕಿತು, ನೌಕರಿ ಸಿಕ್ಕಿತು. ಇಲ್ಲವೆಂದರೆ ನಾಲಿಗೆ ಬಿದ್ದುಹೋದೀತು. ನಂಬರ್ ಪ್ಲೇಟೂ ಬದಲಾಯಿತು: 2014ರಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿ, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ. ನನ್ನ ಕಾರೂ ಎಂಎಚ್-13 ಬಿಟ್ಟು ಕೆಎ-32 ಆದಾಗ ಒಂದು ದಿನ ಚೆನ್ನಾಗಿಯೇ ಓಡಿದಂತೆ ಅನ್ನಿಸಿತ್ತು. ಆದರೆ ಗಾಲಿ ತೊಳೆಯುವ ಕಾಮಗಾರಿಗೆ ಟೆಂಡರು ಕರೆದದ್ದನ್ನು ನಾನು ಕಾಣೆ. ಮೊದಲು ಮಣ್ಣು ಕೆರೆಯಬೇಕು ಅಂದರೆ ಯಾರ ಮಣ್ಣು, ಯಾರು ಮೆತ್ತಿದ್ದು, ಎಷ್ಟು ಪರ್ಸೆಂಟು ಅನ್ನುವ ಮಾತು ಬರುತ್ತದೆ. ಸೀಸ ಹಚ್ಚುವುದು ಸುಲಭ, ಫೋಟೋಗೂ ಚೆನ್ನ. ಹೀಗಾಗಿ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ಮಾಡಿ, ಗಾಲಿಯನ್ನು ಮತ್ತೆ ಯಂತ್ರಕ್ಕೆ ಸಿಕ್ಕಿಸಿದರು. ಜೇವರ್ಗಿಯ ಹುಡುಗನ ಯಂತ್ರ ಅರ್ಧ ನಿಮಿಷಕ್ಕೊಂದು ಸುತ್ತು ಮುಗಿಸುತ್ತದೆ. ಇದು ಇಪ್ಪತ್ತೆರಡು ವರ್ಷಕ್ಕೊಂದು.

ಇರಲಿ, ಕಾರಿನ ಕಡೆ ಬರುತ್ತೇನೆ. ಕಾರಿಗಾದರೂ ಗತಿ ಸಿಕ್ಕಿತು.

ಜೇವರ್ಗಿ ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾ ಅಂಗಡಿಯಲ್ಲಿ ನನ್ನ ಗೋಳು ಕೇಳುತ್ತಿದ್ದ ಒಬ್ಬ ಹಿರಿಯರು ಬಸ್ ಡಿಪೋದಲ್ಲಿ ಜೀವಮಾನವಿಡೀ ಪಾನಾ ಹಿಡಿದು ನಿವೃತ್ತರಾದವರು. ಈಗ ಅಂಗಡಿಯಿಲ್ಲ, ಮಾರಲು ಸಾಮಾನಿಲ್ಲ. ಬಹುಶಃ ಅದಕ್ಕೇ ಅವರಿಗೆ ಪ್ರಶ್ನೆ ಕೇಳುವ ಪುರಸೊತ್ತಿತ್ತು.

"ನಿಂತಾಗ ನಡಗತದೇನು?"

"ಇಲ್ರಿ ಕಾಕಾ."

"ಹಂಗಂದ್ರ ಇಂಜಿನ್ ಮೌಂಟಿಂಗ್ ಬಿಡು. ಬ್ರೇಕ್ ಒತ್ತಿದ್ರ ಹೆಚ್ಚಾಗತದೋ ಕಡಿಮಿ ಆಗತದೋ?"

"ಕಡಿಮಿ."

"ಡಿಸ್ಕ್ ಯಾಕ ಹಾಕಿಸ್ದಿ ಮತ್ತ?" ಉತ್ತರಕ್ಕೆ ಕಾಯಲಿಲ್ಲ. "ಓಡ್ಲಾಕತ್ತಾಗ ಎಕ್ಸಿಲೇಟರ್ ಬಿಟ್ಟು ನೋಡೀಯೇನು? ಜೋರು ಕೊಟ್ಟಾಗ ನಡಗಿ, ಬಿಟ್ಟ ಕೂಡಲೇ ನಿಂತ್ರ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಸವದಿರ್ತದ."

ಬಿಟ್ಟರೂ ನಡುಗುತ್ತದೆ, ವೇಗ ಇಳಿದರೆ ಮಾತ್ರ ನಿಲ್ಲುತ್ತದೆ ಅಂದೆ.

"ಹಿಂದ ಯಾರು ಕೂಡ್ತಾರ?"

"ಅವ್ವ."

"ಆಕಿಗೆ ನಡಗತದೇನು?"

"ಅವ್ವ ನಿದ್ದಿ ಮಾಡ್ತಾಳ್ರಿ."

ಕಾಕಾ ಚಹಾ ಮುಗಿಸಿ ಎದ್ದರು. "ಅವ್ವನ ನಿದ್ದಿ ಕೆಟ್ಟಿಲ್ಲ ಅಂದ್ರ ಹಿಂದಿನ ಗಾಲಿ ಛಲೋ ಅದಾವ. ನಿನ್ನ ಕೈಯಷ್ಟೇ ನಡಗತದ ಅಂದ್ರ ಮುಂದಿನ ಗಾಲಿ. ನಡಿ, ಜಾಕ್ ತೆಗಿ."

ಎರಡೂವರೆ ತಿಂಗಳು, ಮೂರು ಊರು, ಮೂರು ಹಸಿರು ಪ್ರಿಂಟ್‌ಔಟು. ರೋಗದ ವಿಳಾಸ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿತ್ತು.

ಗಾಡಿ ಎತ್ತಿ, ಗಾಲಿಯನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿದರು. ಬೇರಿಂಗು, ಬಾಲ್ ಜಾಯಿಂಟು ಗಟ್ಟಿ. 9 ಮತ್ತು 3ರಲ್ಲಿ ಹಿಡಿದು ಅಲುಗಿಸಿದರು, ಟೈ ರಾಡು ಚೂರು ಸಡಿಲ, "ಇನ್ನೊಂದು ವರ್ಷ ನಡೀತದ." ಗಾಲಿ ಬಿಚ್ಚಿ ಮಗುಚಿ ಹಾಕಿದರು. ಒಳಮೈಯಲ್ಲಿ ಅಂಗೈ ಅಗಲದ ಕರಿ ಹೆಂಟೆ, ಅದರ ಪಕ್ಕದಲ್ಲೇ ಬೆಳ್ಳಗೆ ಹೊಳೆಯುವ ಸೀಸದ ಸಾಲು, ಗುಡಿಸಲಿನ ಮಗ್ಗುಲಿಗೆ ಕಲ್ಯಾಣ ಮಂಟಪ ಇದ್ದ ಹಾಗೆ. ಸ್ಕ್ರೂಡ್ರೈವರ್ ತುದಿಗೆ ಅದು ಮಣಿಯಲಿಲ್ಲ. ಕಾಕಾ ಪಾನಾದ ಹಿಂಬದಿಯಿಂದ ಎರಡು ಸಲ ಬಡಿದರು. ಹೆಂಟೆ ಇಡಿಯಾಗಿ ಕಳಚಿ ನನ್ನ ಕೈಗೆ ಬಂತು. ಒಂದು ಕಬ್ಬಿನ ರವದಿಯ ಎಳೆ ಅದರಲ್ಲಿ ಹುದುಗಿತ್ತು. ಮಗ್ಗುಲ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟೆ: 110 ಗ್ರಾಂ. ಅಂಗಡಿಯವರು ಚಷ್ಮಾ ಏರಿಸಿ ನೋಡಿ, "ಭೀಮಾ ದಂಡಿ ಹೊಲದ್ದೇನ್ರಿ? ಎಕರೆಕ್ಕ ಏನ್ ರೇಟ್ ನಡದದ?" ಅಂದರು.

ಗಾಲಿ ತೊಳೆಸಿ, ಹಳೆಯ ಸೀಸವೆಲ್ಲ ಕಿತ್ತು, ಮತ್ತೆ ಯಂತ್ರಕ್ಕೆ ಹಾಕಿಸಿದೆವು. ಅದೇ ಹುಡುಗ. ಈ ಸಲ ಹಿಡಿದದ್ದು ಬರೀ 15 ಗ್ರಾಂ. ನೂರೈವತ್ತು ರೂಪಾಯಿ ತಗೊಂಡ. ಹಳೆಯ ಸೀಸದ ತುಂಡುಗಳನ್ನೂ ಅವನೇ ಇಟ್ಟುಕೊಂಡ. ಕಾಕಾ ಅಷ್ಟಕ್ಕೆ ಬಿಡಲಿಲ್ಲ. ಮುಂದಿನ ಎರಡೂ ಟಾಯರಿನ ಮಗ್ಗುಲಲ್ಲಿ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದರು. ಅಲ್ಲಿ ನಾಲ್ಕು ಅಂಕಿ ಅಚ್ಚಾಗಿದ್ದವು: 2214. 2014ನೇ ಇಸವಿಯ 22ನೇ ವಾರ ಹುಟ್ಟಿದ್ದು ಅಂತ ಅರ್ಥವಂತೆ. "ಇದರ ಮ್ಯಾಲ ಮಾಲಕರು ಬದಲಾಗ್ಯಾರ, ಟಾಯರ್ ಬದಲಾಗಿಲ್ಲ. ಒಳಗಿನ ತಂತಿ ಬಿಟ್ಟಿದ್ರ ಯಂತ್ರಕ್ಕ ಕಾಣಂಗಿಲ್ಲ, ಓಡುವಾಗಷ್ಟೇ ಕುಣೀತದ."

ಟಾಯರು ಅಂದಕೂಡಲೇ ನನ್ನ ಮುಖ ಹೇಗಾಯಿತೋ, ಅವರು ನಕ್ಕರು.

"ಈಗೇ ರೊಕ್ಕ ಬಿಚ್ಚಬ್ಯಾಡ. ಇವೆರಡು ಹಿಂದ ಹಾಕು, ಹಿಂದಿನವು ಮುಂದ ತಗೊ. ಅವ್ವನ ಕೂಡಿಸ್ಕೊಂಡು ಒಂದು ಸಲ ಹೋಗಿ ಬಾ. ಅವ್ವ ಎದ್ದ್ರ ಟಾಯರ್. ಅವ್ವ ಮಲಗೇ ಇದ್ದ್ರ ನನ್ನ ಕಡಿ ಬಾ, ಬ್ಯಾರೆ ನೋಡೋಣು."

ರೊಕ್ಕ ಎಷ್ಟು ಅಂದೆ. "ಚಾ ಕುಡಿಸಿಯಲ್ಲ" ಅಂದರು.

ಮನೆಗೆ ಬಂದು ಡಿಕ್ಕಿಯಲ್ಲಿದ್ದ ಹೆಂಟೆಯನ್ನು ಚೆಲ್ಲಹೋದರೆ ಅವ್ವ ಬಿಡಲಿಲ್ಲ. "ಕಬ್ಬಿನ ಹೊಲದ್ದು, ಫಲವತ್ತಾದ ಮಣ್ಣದ" ಎಂದು ತುಳಸಿ ಕಟ್ಟೆಗೆ ಪುಡಿ ಮಾಡಿ ಹಾಕಿದಳು.

ಮುಂದಿನ ಸೋಮವಾರ ಅವ್ವನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಕಡಗಂಚಿಗೆ ಕಣ್ಣು ಮುಚ್ಚಿದಳು, ಕಲಬುರಗಿಗೆ ಗೊರಕೆ ಹತ್ತಿತು. ಫರಹತಾಬಾದ್ ದಾಟಿ ರಸ್ತೆ ಖಾಲಿ ಸಿಕ್ಕಾಗ ಒತ್ತಿದೆ. 80. 85. ಸ್ಟೇರಿಂಗು ದೇವರ ಮುಂದಿನ ದೀಪದಂತೆ ನಿಶ್ಚಲ. ಗೊರಕೆ ಸರಾಗ. 88. 90. ಒಂದು ಗೊರಕೆ ಅರ್ಧಕ್ಕೆ ನಿಂತಿತು. ಕನ್ನಡಿಯಲ್ಲಿ ನೋಡಿದೆ. ಅವ್ವ ಕಣ್ಣು ತೆರೆದು, ಸೆರಗು ಸರಿಮಾಡಿಕೊಂಡು, ಕೂತ ಸೀಟನ್ನು ಅಂಗೈಯಿಂದ ತಡವಿ ನೋಡುತ್ತಿದ್ದಳು.

"ಯಾಕೋ ಯಪ್ಪಾ, ಗಾಡಿ ನಡಗ್ಲಾಕತ್ತದಲ್ಲ?"

ಕಟ್ಟಿಸಂಗಾವಿ ಸೇತುವೆಯವರೆಗೂ ನನ್ನ ನಗು ನಿಲ್ಲಲಿಲ್ಲ. "ನಗ್ತಿ ಯಾಕೋ?" ಎಂದು ಅವ್ವ ನಾಲ್ಕು ಸಲ ಕೇಳಿದಳು.